ಮುಳುಗಲು ಒಪ್ಪದ ಲಾಂಚು

ನನಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ನನ್ನ ಸೊಸೆ ಸಾವಿತ್ರಿ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಅದು ಸುಳ್ಳು. ಕಾರಣ ಬೇಕು, ಸಣ್ಣದಾದರೂ ಸಾಕು, ಅಷ್ಟೇ. ಹಾಲಿಗೆ ನೀರು ಬೆರೆಸಿದರೆ ಬರುತ್ತದೆ. ನೀರಿಗೆ ನಾಲ್ಕು ತೊಟ್ಟು ಹಾಲು ಹಾಕಿ ಕಾಫಿ ಎಂದು ಮುಂದಿಟ್ಟರೆ ಇನ್ನೂ ಹೆಚ್ಚು ಬರುತ್ತದೆ; ಅದು ಸಾವಿತ್ರಿಗೂ ಗೊತ್ತು. ಆದರೆ ಈ ಸಲದ ಕಾರಣ ಸಣ್ಣದಲ್ಲ. ಮೂವತ್ತು ಜನ ಕೂರುವ ಲಾಂಚು. ಚೆನ್ನಾಗಿ ತೇಲುತ್ತಿದ್ದದ್ದನ್ನು ಬೇಕೆಂದೇ ಮುಳುಗಿಸಿದರು. ಯಾಕೆ? ನೀರಿಗಿಳಿದು ನೋಡುವುದಕ್ಕಂತೆ!

ನಮ್ಮದು ಕೊಡ್ಲಿಪೇಟೆಯಿಂದಾಚೆ, ಹಿನ್ನೀರಿನ ಪಕ್ಕದ ಊರು. ಅಣೆಕಟ್ಟೆಯ ನೀರು ಬಂದು ರಸ್ತೆಯನ್ನು ನುಂಗಿದ ಮೇಲೆ ಸಂತೆಗೆ, ಆಸ್ಪತ್ರೆಗೆ, ಹೆಣ್ಣು ನೋಡಲು, ಹೆಣ ನೋಡಲು, ಎಲ್ಲದಕ್ಕೂ ಲಾಂಚೇ ಗತಿಯಾಯಿತು. ಅದರ ಡ್ರೈವರು ನಮ್ಮ ಯಜಮಾನರು. ಊರಿನವರ ಬಾಯಲ್ಲಿ ಲಾಂಚ್ ಪುಟ್ಟಸ್ವಾಮಿ. ಇಪ್ಪತ್ತಾರು ವರ್ಷ ಓಡಿಸಿದರು. ಆಯುಧಪೂಜೆಯ ದಿನ ಬೇರೆ ಗಾಡಿಗಳವರು ಚಕ್ರದಡಿ ನಿಂಬೆಹಣ್ಣಿಟ್ಟರೆ, ಇವರು ಚಕ್ರವಿಲ್ಲದ ಗಾಡಿಗೆ ಎಲ್ಲಿಡುವುದೆಂದು ತಿಳಿಯದೆ ದಡದ ಕಲ್ಲಿನ ಮೇಲಿಟ್ಟು, ಲಾಂಚಿನ ಮೂತಿಯಿಂದ ಗುದ್ದಿಸಿ ಅಪ್ಪಚ್ಚಿ ಮಾಡುತ್ತಿದ್ದರು. ಆಮೇಲೆ ಸೇತುವೆ ಬಂತು. ಲಾಂಚು ದಡದ ಕೆಸರಿನಲ್ಲಿ ಕೂತಿತು. ಸ್ವಲ್ಪ ವರ್ಷಕ್ಕೆ ಯಜಮಾನರೂ ತೀರಿಕೊಂಡರು. ಅಳುವಷ್ಟು ಅತ್ತೆ. ಮಾರನೇ ವಾರ ಕಾಫಿ ಕೊಯ್ಲಿತ್ತು, ಹೋದೆ.

ಹೋದ ವರ್ಷ ಹೋಂಸ್ಟೇ ಪೊನ್ನಪ್ಪ ಆ ಲಾಂಚನ್ನು ಹರಾಜಿನಲ್ಲಿ ಹಿಡಿದು, ಲಾರಿಯ ಮೇಲೆ ಹೇರಿಸಿಕೊಂಡು ತನ್ನ ತೋಟಕ್ಕೆ ಒಯ್ದ. ಅಲ್ಲೊಂದು ಹಳೆಯ ಕಲ್ಲಿನ ಕ್ವಾರಿಯಿದೆ. ಕಲ್ಲು ತೆಗೆದ ಗುಂಡಿ ತುಂಬ ತಿಳಿನೀರು. ಕೆಲವು ದಿನ ಬಿಟ್ಟು ನಮ್ಮ ಅಂಗಳಕ್ಕೆ ಬಂದ, ಕೈಯಲ್ಲಿ ಸ್ವೀಟ್ ಬಾಕ್ಸು.

“ಅಜ್ಜಿ, ಭಾನುವಾರ ನೀವೇ ಬಂದು ಕಾಯಿ ಒಡೀಬೇಕು. ಲಾಂಚನ್ನ ಕ್ವಾರಿಯಲ್ಲಿ ಮುಳುಗಿಸ್ತೇವೆ.”

“ಎಂಥಕ್ಕೆ? ಏನು ತಪ್ಪು ಮಾಡ್ತು ಅದು?”

“ಸ್ಕೂಬಾ ಅಜ್ಜಿ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಜನ ಕೆಳಗೆ ಹೋಗಿ ನೋಡ್ತಾರೆ. ಸಮುದ್ರದ ಕಡೆಯೆಲ್ಲ ಉಂಟು ಇದು, ಮುಳುಗಿದ ಹಡಗು ನೋಡೋದು.”

“ತಾನಾಗಿ ಮುಳುಗಿದ್ದನ್ನ ನೋಡ್ಲಿ ಕಣಪ್ಪ, ಬೇಡ ಅಂದೋರ್ಯಾರು? ಮುಳುಗದೇ ಇದ್ದದ್ದನ್ನ ಮುಳುಗಿಸಿ ನೋಡೋದು ಯಾವ ಸೀಮೆ ನ್ಯಾಯ? ನಿಮ್ಮಪ್ಪನ ಜೀಪನ್ನ ಪ್ರಪಾತಕ್ಕೆ ತಳ್ಳಿ ಟಿಕೆಟ್ ಇಡ್ತೀಯಾ?”

“ಪುಟ್ಟಸ್ವಾಮಿ ಅಣ್ಣನ ಹೆಸರಲ್ಲಿ ಬೋರ್ಡು ಹಾಕಿಸ್ತೇನೆ ಅಜ್ಜಿ,” ಎಂದ. “‘ನೀರಿಗೆ ಹೆದರದ ಸರದಾರ’ ಅಂತ.”

ಆ ಮಾತು ಕೇಳಿದ್ದೇ ಸ್ವೀಟ್ ಬಾಕ್ಸು ಇಸಿದುಕೊಂಡು ಒಳಗೆ ನಡೆದೆ. ಯಾಕೆಂದರೆ, ಯಾರಿಗೂ ಹೇಳದ ಮಾತು ನಿಮಗೆ ಹೇಳುತ್ತಿದ್ದೇನೆ, ನಮ್ಮ ಯಜಮಾನರಿಗೆ ನೀರೆಂದರೆ ಪ್ರಾಣಭಯ. ಈಜು ಬರುತ್ತಿರಲಿಲ್ಲ. ಸ್ನಾನಕ್ಕೆ ತಲೆಯ ಮೇಲೆ ಚೊಂಬು ಸುರಿದುಕೊಳ್ಳುವಾಗಲೂ ಮೂಗು ಹಿಡಿಯುತ್ತಿದ್ದರು. ಒಂದು ಮಳೆಗಾಲ ಓಲಗದವರ ಸಮೇತ ಮದುವೆ ದಿಬ್ಬಣ ಹತ್ತಿಸಿಕೊಂಡು ನಡುನೀರಿಗೆ ಬಂದಾಗ, ಆನೆಯೊಂದು ಮರಿಯ ಜೊತೆ ಹಿನ್ನೀರನ್ನು ಈಜಿ ದಾಟುವುದು ಕಂಡಿತಂತೆ. ಬೇರೆ ಊರಿನವರಾಗಿದ್ದರೆ ಕಿರುಚಿಕೊಂಡು ದೂರ ಸರಿಯುತ್ತಿದ್ದರು. ನಮ್ಮವರು ಆನೆಯನ್ನು ದಿನಾ ತೋಟದಲ್ಲಿ ಕಂಡು ಬೈಯುವವರು; ನೀರಿನಲ್ಲಿ ಹೇಗೆ ಕಾಣುತ್ತದೆ ನೋಡೋಣವೆಂದು ಮದುಮಗನೂ ಸೇರಿ ಅಷ್ಟೂ ಜನ ಒಂದೇ ಕಡೆಗೆ ಎದ್ದು ನುಗ್ಗಿದರು. ಲಾಂಚು ವಾಲಿ, ನೀರು ಒಳಗೆ ಬಂತು. ಹೇಗೋ ದಡ ಸೇರಿಸಿದರು. ಆ ದಿನ ಮನೆಗೆ ಬಂದು ಮುದ್ದೆ ಮುಟ್ಟಲಿಲ್ಲ. “ಹೆದರೋ ಡ್ರೈವರ್ ಅಂತ ಗೊತ್ತಾದ್ರೆ ಲಾಂಚಿಗೆ ಯಾರು ಹತ್ತುತ್ತಾರೆ ಕಣೇ? ಯಾರಿಗೂ ಹೇಳ್ಬೇಡ,” ಎಂದರು. ಅಷ್ಟೇ ಅವರು ನನ್ನಲ್ಲಿ ಕೇಳಿದ್ದು. ಸೀರೆ ಕೊಡಿಸುವಾಗಲೂ ನನ್ನನ್ನೇನೂ ಕೇಳಿದವರಲ್ಲ.

ಆಮೇಲೆ ಎಸ್ಟೇಟಿನಲ್ಲಿ ಔಷಧಿ ಹೊಡೆದು ಬಿಸಾಡಿದ ಕ್ಯಾನುಗಳನ್ನೆಲ್ಲ ನಾನು ಹೊತ್ತು ತಂದೆ, ತೋಡಿನಲ್ಲಿ ತೊಳೆದೆ. ಅವರು ಮುಚ್ಚಳ ಬಿಗಿದು ಜೇನುಮೇಣ ಕಾಯಿಸಿ ಸುತ್ತ ಹೊಯ್ದರು, ಗಾಳಿ ಹೊರಗೆ ಹೋಗದ ಹಾಗೆ. ಲಾಂಚಿನ ಎರಡು ಬದಿಗೂ ಪೆಟ್ಟಿಗೆಯಂಥ ಸೀಟುಗಳಿದ್ದವು. ಅವುಗಳೊಳಗೆ ಕ್ಯಾನುಗಳನ್ನು ಗಿಡಿದು, ಹಲಗೆ ಹೊಡೆದು ಮುಚ್ಚಿದರು. ಲಾಂಚು ತೂತಾದರೂ ತೇಲಬೇಕು, ಹಾಗೆ. ಅದರ ಮೇಲೆ ಕೂತು ಊರಿನ ಜನ ಇಷ್ಟು ವರ್ಷ ಎಲೆಯಡಿಕೆ ಜಗಿದರು. ಯಾರಿಗೂ ತಿಳಿಯಲಿಲ್ಲ.

ಭಾನುವಾರ ಹೋಗಲೇಬೇಕಾಯಿತು. ಕ್ವಾರಿಯ ಸುತ್ತ ಸಂತೆಯ ಹಾಗೆ ಜನ. ಡೈವಿಂಗ್ ಕಲಿಸುವ ರೇಷ್ಮಾ ಎಂಬ ಕರಾವಳಿಯ ಹುಡುಗಿ, ಮೈಗೆ ಅಂಟಿದ ಕರೀ ರಬ್ಬರ್ ಬಟ್ಟೆ ತೊಟ್ಟು, ಕಾಲಿಗೆ ಬಾತುಕೋಳಿಯ ಪಾದ ಸಿಕ್ಕಿಸಿಕೊಂಡು ನಿಂತಿದ್ದಳು. ಕಾಯಿ ಒಡೆದೆ. ತಳದಲ್ಲಿ ಮೊದಲೇ ಕೊರೆದಿಟ್ಟ ತೂತುಗಳ ಬಿರಡೆ ಕಿತ್ತರು. ನೀರು ನುಗ್ಗಿತು, ಜನ ಚಪ್ಪಾಳೆ ಹೊಡೆದರು. ಲಾಂಚು ಸೀಟಿನ ಮಟ್ಟದವರೆಗೆ ಇಳಿಯಿತು. ಅಲ್ಲಿಗೆ ನಿಂತಿತು. ಕೆಸರಿನಲ್ಲಿ ಮಲಗಿದ ಎಮ್ಮೆಯ ಹಾಗೆ ಮೂತಿ ಮೇಲೆ ಮಾಡಿಕೊಂಡು ಹಾಯಾಗಿ ತೇಲುತ್ತಿತ್ತು. ಇನ್ನೆರಡು ತೂತು ಕೊರೆದರು. ಊಹೂಂ. ಮರಳಿನ ಚೀಲ ಹೇರಿದರು. ಬರೀ ಓರೆಯಾಯಿತು.

ಆಗ ಶುರುವಾಯಿತು ನಗು. ಇದೇ ಲಾಂಚಿನಲ್ಲಿ ಹೆರಿಗೆಗೆ ಹೋಗಿಬಂದವಳ ಮಗನೊಬ್ಬ, ಈಗ ಮೀಸೆ ಬಂದ ಗಂಡಸು, ಅದಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುತ್ತ, “ಅಜ್ಜಿ, ನಿಮ್ಮ ಯಜಮಾನ್ರು ಇದಕ್ಕೆ ಮುಳುಗೋದನ್ನೇ ಕಲಿಸಿಲ್ವಲ್ಲ!” ಎಂದ.

“ನಿನಗೆ ನಿಮ್ಮವ್ವ ಮರ್ಯಾದೆ ಕಲಿಸಿಲ್ವಲ್ಲ, ಹಂಗೇ ಕಣ್ಲಾ,” ಎಂದೆ. ಆದರೂ ನಗು ನಿಲ್ಲಲಿಲ್ಲ. ಪೊನ್ನಪ್ಪನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಜೆಸಿಬಿ ತರಿಸಿ ಬಕೆಟ್ಟಿನಿಂದ ಕುಟ್ಟಿ ಮುಳುಗಿಸುತ್ತೇನೆ ಎಂದ. ಕುಟ್ಟುವುದು! ನಮ್ಮ ಯಜಮಾನರು ಹೆಂಡತಿಗಿಂತ ಹೆಚ್ಚು ತೊಳೆದು ಒರೆಸಿ ನೋಡಿಕೊಂಡ ಲಾಂಚನ್ನು, ಹಂದಿ ಕುಟ್ಟಿದ ಹಾಗೆ ಕುಟ್ಟುವುದು! ಗುಟ್ಟು ಹೇಳಿದರೆ ಅವರ ಮಾನ ಹೋಗುತ್ತದೆ. ಹೇಳದಿದ್ದರೆ ಲಾಂಚಿನ ಮಾನ ಹೋಗುತ್ತದೆ. ಕೆಟ್ಟ ಕೆಲಸವನ್ನಾದರೂ ನೆಟ್ಟಗೆ ಮಾಡಲು ಬಾರದವರನ್ನು ಕಂಡರೆ ನನಗೆ ಆಗುವುದಿಲ್ಲ, ಅದೂ ಒಂದು.

“ಹಾರೆಕೋಲು ಕೊಡ್ರೋ,” ಎಂದೆ.

ಹಗ್ಗದಲ್ಲಿ ಲಾಂಚನ್ನು ಕಲ್ಲಿನ ಮೆಟ್ಟಿಲ ಹತ್ತಿರ ಎಳೆಸಿದೆ. ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿ ಹತ್ತಿದೆ. ಎಡಗಡೆಯ ಸೀಟಿನ ಹಲಗೆಯನ್ನು ನಾನು ಮೀಟಿದೆ, ಬಲಗಡೆಯದನ್ನು ರೇಷ್ಮಾಳಿಂದ ಮೀಟಿಸಿದೆ. ಬುಳಕ್, ಬುಳಕ್ ಎಂದು ಒಂದೊಂದೇ ಕ್ಯಾನು ಎದ್ದು ಬಂತು. ಕ್ವಾರಿ ತುಂಬ ಹಳದಿ, ನೀಲಿ, ಬಿಳಿ ಕ್ಯಾನುಗಳು. ಜೇನುಮೇಣ ಒಂದರಲ್ಲೂ ಬಿರುಕು ಬಿಟ್ಟಿರಲಿಲ್ಲ. ಕಾಲಡಿ ಲಾಂಚು ಜಗ್ಗಿತು. ಪೊನ್ನಪ್ಪ ನನ್ನ ರಟ್ಟೆ ಹಿಡಿದು ಮೆಟ್ಟಿಲಿಗೆ ಎಳೆದುಕೊಂಡ. ತಿರುಗಿ ನೋಡುವಷ್ಟರಲ್ಲಿ ಗುಳ್ಳೆ ಮಾತ್ರ ಇತ್ತು. ಇಪ್ಪತ್ತಾರು ವರ್ಷ ಗಂಡ ತೇಲಿಸಿದ್ದನ್ನು ಹೆಂಡತಿ ಕಾಲು ಗಂಟೆಯಲ್ಲಿ ಮುಳುಗಿಸಿದ್ದಾಯಿತು.

ಎಲ್ಲರೂ ಕ್ಯಾನುಗಳನ್ನೇ ನೋಡುತ್ತಿದ್ದರು. “ಇದೆಂಥ ಅಜ್ಜಿ? ಇದನ್ನ ಯಾರು ತುಂಬಿಸಿದ್ದು? ಪುಟ್ಟಸ್ವಾಮಿ ಅಣ್ಣನಿಗೆ ಹೆದರಿಕೆ ಇತ್ತಾ?” ಎಂದ ಪೊನ್ನಪ್ಪ.

“ಅವರಿಗೆಂಥ ಹೆದರಿಕೆ?” ಎಂದೆ. “ನನಗೆ ಕಣಪ್ಪ. ನೀರು ಕಂಡ್ರೆ ನನಗೆ ಕೈಕಾಲು ನಡುಗ್ತದೆ. ನನ್ನ ಗೋಳು ತಡೀಲಾರದೆ ಪಾಪ ತುಂಬಿಸಿದ್ರು.”

ಹಿನ್ನೀರಿನಲ್ಲಿ ಎಮ್ಮೆಯ ಬಾಲ ಹಿಡಿದು ಈಜಿ ಬೆಳೆದವಳು ನಾನು. ಆದರೂ ಎಲ್ಲರೂ ನಂಬಿದರು. ಅದೂ ಎಷ್ಟು ಬೇಗ! ಒಬ್ಬನಾದರೂ “ಇಲ್ಲ ಅಜ್ಜಿ, ನೀವಾ?” ಎಂದು ಕೇಳಬೇಡವೇ?

ಈಗ ಕ್ವಾರಿಯ ಬಾಯಲ್ಲಿ ಬೋರ್ಡು ನಿಂತಿದೆ, ಯಜಮಾನರ ಹೆಸರಿನ ಕೆಳಗೆ ಸರದಾರ ಎಂದೇ ಇದೆ. ಅದರ ಕೆಳಗೆ ಪೊನ್ನಪ್ಪ ಇನ್ನೆರಡು ಸಾಲು ಸೇರಿಸಿದ್ದಾನೆ, ನೀರಿಗೆ ಹೆದರುತ್ತಿದ್ದ ಹೆಂಡತಿಗಾಗಿ ಅವರು ಕ್ಯಾನು ತುಂಬಿದ ಪ್ರೇಮಕಥೆ. ಪ್ರೇಮವಂತೆ! ಬಂದವರು ಓದಿ ಕಣ್ಣೊರೆಸಿಕೊಂಡು ನೀರಿಗೆ ಬೀಳುತ್ತಾರೆ. ಮೊನ್ನೆ ಹುಲ್ಲಿನ ಹೊರೆ ಹೊತ್ತು ಆ ದಾರಿಯಲ್ಲಿ ಬರುತ್ತಿದ್ದಾಗ, ಒದ್ದೆ ತಲೆಯ ಒಬ್ಬಳು ಓಡಿಬಂದು ನನ್ನ ಕೈ ಹಿಡಿದು, “ಅಜ್ಜಿ, ಒಂದ್ಸಲ ನಮ್ ಜೊತೆ ಇಳೀರಿ, ಏನೂ ಆಗಲ್ಲ, ಹೆದರ್ಕೋಬೇಡಿ,” ಎಂದಳು. ಹೊರೆಯನ್ನು ಅವಳ ತಲೆಗೆ ಇಟ್ಟು ಬಿಡೋಣ ಎನ್ನಿಸಿತು. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿ, “ಬೇಡ ಕಣಮ್ಮ, ನನಗೆ ಭಯ,” ಎಂದೆ.

ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತಿತ್ತು, ಅದಕ್ಕೇ ಬರೆದೆ. ಪೊನ್ನಪ್ಪ ಇಂಗ್ಲಿಷ್ ಕಾನ್ವೆಂಟಿನಲ್ಲಿ ಓದಿದವನು, ಕನ್ನಡ ಓದಲು ಬಾರದು. ಬೋರ್ಡನ್ನೂ ಬೇರೆಯವರಿಂದ ಬರೆಸಿದ್ದು. ನೀವು ಆ ಕಡೆ ಬಂದರೆ ಬಾಯಿ ಬಿಡಬೇಡಿ. ದಾರಿಯಲ್ಲಿ ನಾನು ಸಿಕ್ಕಿದರೆ, ಪುಕ್ಕಲಜ್ಜಿ ಹೋಗುತ್ತಿದ್ದಾಳೆ ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿ. ಬೈಯುತ್ತೇನೆ, ಅದನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ.