ಕೋಣೆಗೆ ಹಾಕಿದ ಸ್ವೆಟರ್

ಶಬ್ದದ ಮೇಲೆ ನಾನು ಯುದ್ಧ ಸಾರಿದ್ದು ಒಂದು ಶನಿವಾರ.

ನನ್ನ ಹೆಂಡತಿ ನರ್ಸ್. ರಾತ್ರಿಯೆಲ್ಲ ಡ್ಯೂಟಿ, ನಿದ್ದೆ ಹಗಲಿಗೆ. ಮನೆ ಇರುವುದೋ ರಸ್ತೆಯ ತಿರುವಿನಲ್ಲಿ. ಬಂದ ಡ್ರೈವರೆಲ್ಲ ನಮ್ಮ ಕಿಟಕಿಯ ಕೆಳಗೇ ಹಾರ್ನ್ ಒತ್ತಬೇಕು. ಅಂದು ಅವಳು ನಿದ್ದೆಗಣ್ಣಲ್ಲಿ ಬ್ರಷ್ಷಿಗೆ ನೋವಿನ ಮುಲಾಮು ಹಚ್ಚಿಕೊಂಡಳು.

"ಇದೇ ಕಣ್ಣಲ್ಲಿ ರೋಗಿಗೆ ಇಂಜೆಕ್ಷನ್ ಕೊಡ್ಬೇಕಲ್ರೀ" ಎಂದಳು.

"ನಾನಿಲ್ವಾ! ಸೋಮವಾರದಿಂದ ಸೊಳ್ಳೆ ಗುಂಯ್ ಅಂದ್ರೂ ನಿಂಗೆ ಕೇಳ್ಸಲ್ಲ."

ಕಿಟಕಿಗೆ ಥರ್ಮೋಕೋಲ್, ಅದರ ಮೇಲೆ ಮೂರು ಕಂಬಳಿ, ಗೋಡೆ ತುಂಬ ಮೊಟ್ಟೆಯ ಟ್ರೇ, ಬಾಗಿಲ ಸಂದಿಗೆ ನನ್ನ ಹಳೆಯ ಪ್ಯಾಂಟು. ನಮ್ಮ ಜೊತೆಗೇ ಇರುವ ಅತ್ತೆ ಇಣುಕಿದರು.

"ಕೋಣೆಗೆ ಸ್ವೆಟರ್ ಹಾಕ್ತಿದ್ದೀರಾ ಅಳಿಯಂದ್ರೆ?"

ಸೋಮವಾರ ರಜೆ ಹಾಕಿದೆ. ಡ್ಯೂಟಿ ಮುಗಿಸಿ ಬಂದವಳನ್ನು ಒಳಗೆ ಮಲಗಿಸಿ, ಗೋಂದು ತರಲು ಅಂಗಡಿಗೆ ಹೋದೆ. ಮುಂಬಾಗಿಲು ಕಿರ್ ಎನ್ನುತ್ತದೆಂದು ಹಿತ್ತಿಲ ಬಾಗಿಲಿನಿಂದ ಬಂದು, ಕೋಣೆಯ ಮುಂದೆ ಸ್ಟೂಲ್ ಹಾಕಿ ಕಾವಲು ಕುಳಿತೆ. ಕುಕ್ಕರ್ ನಿಲ್ಲಿಸಿದೆ. ಗಡಿಯಾರದ ಬ್ಯಾಟರಿ ತೆಗೆದೆ.

"ಅಳಿಯಂದ್ರೆ, ಅವಳು..."

"ಶ್!"

"ಅದಲ್ಲ, ಅವಳು..."

"ಶ್ಶ್!"

ಆಶ್ಚರ್ಯವೆಂದರೆ, ಕೋಣೆಯ ಹೊರಗಿದ್ದ ನನಗೂ ಒಂದೂ ಹಾರ್ನ್ ಕೇಳಲಿಲ್ಲ. ನನ್ನ ಕೈಚಳಕದ ಮಹಿಮೆ ನಡುಮನೆಗೂ ಹಬ್ಬಿದೆ ಎಂದು ಬೀಗಿದೆ. ಮೂರು ಗಂಟೆಯ ಹೊತ್ತಿಗೆ ಬೆನ್ನ ಹಿಂದೆ ಆಕಳಿಕೆ ಕೇಳಿಸಿತು.

"ಯಾರನ್ನ ಕಾಯ್ತಾ ಇದ್ದೀರಿ?"

ಹೆಂಡತಿ! ಕಣ್ಣು ತಿಳಿಯಾಗಿತ್ತು, ಮುಖ ಅರಳಿತ್ತು.

"ನೀನು ಒಳಗೆ..."

"ಅಲ್ಲಿ ಉಸಿರು ಕಟ್ತು ಕಣ್ರೀ. ವರಾಂಡಾದಲ್ಲಿ ಚಾಪೆ ಹಾಕ್ಕೊಂಡೆ. ಆರು ಗಂಟೆ ನಿದ್ದೆ ಮಾಡ್ದೆ."

ವರಾಂಡಾ ಇರುವುದು ರಸ್ತೆಯ ಪಕ್ಕದಲ್ಲೇ. "ಹಾರ್ನ್?" ಎಂದೆ. ಅವಳು ಹೊರಗೆ ಕರೆದೊಯ್ದು ತೋರಿಸಿದಳು. ತಿರುವಿನ ಕಂಬದಲ್ಲಿ ತಟ್ಟೆಯಗಲದ ಉಬ್ಬುಗನ್ನಡಿ. ಒಂದು ಲಾರಿ ಅದನ್ನು ನೋಡಿಕೊಂಡು ಸದ್ದಿಲ್ಲದೆ ತಿರುಗಿತು.

"ಬಸ್ ಡ್ರೈವರೊಬ್ರು ವಾರ್ಡಿಗೆ ಸೇರಿದ್ರು. ನಮ್ಮನೆ ಹತ್ರ ಯಾಕಣ್ಣ ಅಷ್ಟು ಹಾರ್ನ್ ಅಂದೆ. ಎದುರಿಗೆ ಬರೋದು ಕಾಣಲ್ಲ ಸಿಸ್ಟರ್ ಅಂದ್ರು. ಪಾಲಿಕೆಗೆ ಅರ್ಜಿ ಕೊಟ್ಟಿದ್ದೆ. ಇವತ್ತು ಬೆಳಗ್ಗೆ ಹಾಕಿ ಹೋದ್ರು."

ಹನ್ನೊಂದು ವರ್ಷ ಆ ಡ್ರೈವರುಗಳಿಗೆ ಬೈದಿದ್ದೆನೇ ಹೊರತು, ಯಾಕೆಂದು ಒಬ್ಬನನ್ನೂ ಕೇಳಿರಲಿಲ್ಲ. ಇವಳು ಕೇಳಿದಳು. ಎಂಥ ಹೆಂಡತಿಯಪ್ಪ ನನಗೆ ಸಿಕ್ಕಿರುವುದು ಎಂದು ಮನಸ್ಸು ತುಂಬಿ ಬಂತು. ಕೋಣೆಯ ಸ್ವೆಟರ್ ಬಿಚ್ಚಲು ಹೊರಟೆ. ಅತ್ತೆ ಅಡ್ಡ ನಿಂತರು.

"ಇನ್ನಾದ್ರೂ ಮಾತಾಡ್ಬಹುದಾ?"

"ಹೇಳಿ ಅತ್ತೆ."

"ಅದನ್ನ ಬಿಚ್ಬೇಡಿ. ರಾತ್ರಿ ನೀವು ಅದ್ರೊಳಗೇ ಗೊರಕೆ ಹೊಡೀರಿ. ನಂಗೂ ನಿದ್ದೆ ಬರ್ಲಿ."