ದಿವಂಗತ ಸುಸ್ಲೋನೊವ್ ಅವರ ಗಂಟೆ

ಮೋಕ್ರೋಯಾರ್ಸ್ಕ್ ಪಟ್ಟಣದ ಹಗ್ಗದ ವರ್ತಕರಾದ ಎವ್ಸ್ತಾಫಿ ಲುಕಿಚ್ ಸುಸ್ಲೋನೊವ್ ಅವರು ಈಗಲೂ ಆರೋಗ್ಯವಾಗಿದ್ದಾರೆಂಬ ಸಂಗತಿಯು ಅವರ ಮರಣಕ್ಕೆ ಯಾವ ರೀತಿಯಲ್ಲೂ ಬಾಧಕವಾಗಿಲ್ಲವೆಂದು ಪುರಸಭೆಯ ಪರವಾಗಿ ಮೊದಲೇ ತಿಳಿಸಬಯಸುತ್ತೇನೆ. ಸುಸ್ಲೋನೊವ್ ಮನೆತನದ ಚರಿತ್ರೆ ಬರೆಯುವ ಭಾರ ಪುರಸಭೆಯ ಕಾರ್ಯದರ್ಶಿಯಾದ ನನ್ನ ಮೇಲೆ ಬಿದ್ದಿದೆ. ಖರ್ಚು ಮನೆತನದ್ದೇ ಆದ್ದರಿಂದ ಚರಿತ್ರೆ ಉಜ್ವಲವಾಗಿಯೇ ಇದೆ.

ನಮ್ಮ ಕಡೆ ಚರ್ಚಿಗೆ ಗಂಟೆ ಎರಕ ಹೊಯ್ಯಿಸುವಾಗ ಊರಲ್ಲಿ ಒಂದು ಸುಳ್ಳು ಹಬ್ಬಿಸಬೇಕು. ಸುಳ್ಳು ಎಷ್ಟು ದೂರ ಹೋಗುತ್ತದೋ ಗಂಟೆಯ ನಾದವೂ ಅಷ್ಟು ದೂರ ಹೋಗುತ್ತದೆ. ಗಂಟೆಯನ್ನು ಮೊದಲ ಸಲ ಬಾರಿಸುವ ತನಕ ಆ ಸುದ್ದಿಯನ್ನು ಯಾರೂ ಸುಳ್ಳೆನ್ನಕೂಡದು. ಯಾರಾದರೂ ಅಂದರೆ ಗಂಟೆ ಸೀಳುತ್ತದೆ. ಇದು ಮೂಢನಂಬಿಕೆಯೆಂದು ನಗುವವರು ನಮ್ಮಲ್ಲೂ ಇದ್ದಾರೆ. ಅವರಲ್ಲಿ ಯಾರೂ ಗಂಟೆ ಮಾಡಿಸಿದವರಲ್ಲ.

ಮನೆತನದ ಮೂಲಪುರುಷ ಸಿಸೋಯ್ ಸುಸ್ಲೋನೊವ್ ತಾವು ಗಂಟೆ ಮಾಡಿಸಿದಾಗ, ಗಿರಣಿಯ ಮಡುವಿನಲ್ಲಿ ಜಲಕನ್ಯೆ ಇದ್ದಾಳೆಂದು ಹಬ್ಬಿಸಿದರು. ಅವಳನ್ನು ಹಿಡಿಯಲು ಓಡಿದವರಿಗೆಲ್ಲ ಹಗ್ಗ ಮಾರಿದವರೂ ಅವರೇ. ಮನೆತನದ ಸಂಪತ್ತಿಗೆ ಅಡಿಪಾಯ ಬಿದ್ದದ್ದು ಹೀಗೆ. ಅವರ ಮಗ ಲುಕಾ, ಗವರ್ನರರ ಹೆಂಡತಿ ಗಡ್ಡವಿರುವ ಅವಳಿ ಮಕ್ಕಳನ್ನು ಹೆತ್ತಿದ್ದಾರೆಂದು ಹಬ್ಬಿಸಿದರು. ಸುದ್ದಿ ಸುತ್ತಲ ಜಿಲ್ಲೆಗಳಿಗೆಲ್ಲ ಮುಟ್ಟಿತು, ಗವರ್ನರರಿಗೂ ಮುಟ್ಟಿತು. ಕೂಡಲೇ ಆಜ್ಞೆ ಹೊರಟಿತು: “ಗಂಟೆಯ ನಿಮಿತ್ತವಾಗಿ ಸರ್ಕಾರಿ ಅಧಿಕಾರಿಗಳ, ಅವರ ಪತ್ನಿಯರ ಮತ್ತು ಅವರ ಕುದುರೆಗಳ ವಿಷಯದಲ್ಲಿ ಸುಳ್ಳು ಹೇಳತಕ್ಕದ್ದಲ್ಲ. ಸ್ವಂತ ಕುಟುಂಬದ ವಿಷಯದಲ್ಲಿ ಹೇಳಬಹುದು.”

ಲುಕಾ ಅವರ ಮಗನೇ ನಮ್ಮ ಎವ್ಸ್ತಾಫಿ ಲುಕಿಚ್. ಅವರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಸಂಕಟ. ನದಿಯಾಚೆ ಬಾಬಾರಿಕಿನ್ ಎಂಬ ತುಪ್ಪಳದ ವರ್ತಕ ಒಂದು ಗಂಟೆ ಮಾಡಿಸಿದ್ದ. ಬೆಳಿಗ್ಗೆ ಅದು ಬಾರಿಸಿತೆಂದರೆ ಈಚೆ ದಡದಲ್ಲಿ ಸುಸ್ಲೋನೊವರ ಚಹಾ ಕಾಸುವ ಸಮೊವಾರಿನ ಮುಚ್ಚಳ ಗಡಗಡ ಅನ್ನುತ್ತಿತ್ತು, ಎವ್ಸ್ತಾಫಿ ಲುಕಿಚ್ ಅವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಗೆ ಬಾಬಾರಿಕಿನ್ನನ ಹುಟ್ಟಡಗಿಸುವಂಥ ಗಂಟೆಗೆ ತಾಮ್ರ ತರಿಸಿದರು.

“ನಾನೇ ಸತ್ತೆ ಅಂತ ಹಬ್ಬಿಸಿಬಿಡಿ,” ಅಂದರು.

ಹೆಂಡತಿ ಗ್ಲಿಕೇರಿಯಾ ಸಾವಿಷ್ನಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. “ಬಿಡ್ತು ಅನ್ರೀ! ನನ್ನ ತಂಗಿಗೆ ಬಾಲ ಬಂತು ಅಂತ ಹೇಳಿದ್ರೆ ಸಾಲ್ದಾ?”

“ಸುಳ್ಳು ಬೇಕು ಕಣೇ. ನಿನ್ ತಂಗಿ ವಿಷ್ಯ ಊರಿಗೇ ಗೊತ್ತು.”

ಸುದ್ದಿಯನ್ನು ಪಾದ್ರಿ ಮೆಥೋದಿಯವರ ಹೆಂಡತಿಗೆ ಹೇಳಿ, ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಲಾಯಿತು. ಸಂಜೆಯೊಳಗೆ ಬಾಬಾರಿಕಿನ್ ಆಚೆ ದಡದಲ್ಲಿ ಟೋಪಿ ತೆಗೆದು ನಿಂತು ಅತ್ತನಂತೆ. ಪುರಸಭೆಯೂ ತೀವ್ರವಾಗಿ ದುಃಖಿಸಿ ಮರಣವನ್ನು ದಾಖಲು ಮಾಡಿತು.

ಗಂಟೆ ಚೆನ್ನಾಗಿ ಎರಕವಾಗಿ ಗೋಪುರವನ್ನೂ ಏರಿತು. ಆದರೆ ದಾನಿಯ ಸಹಿಯಿಲ್ಲದೆ ಹೊಸ ಗಂಟೆ ಬಾರಿಸಕೂಡದೆಂಬ ನಿಯಮವಿದೆ. ಎವ್ಸ್ತಾಫಿ ಲುಕಿಚ್ ಪಾದ್ರಿಯವರನ್ನು ಕರೆದುಕೊಂಡು ಕಚೇರಿಗೆ ಬಂದರು.

“ಎಲ್ಲಿ ಹಾಕ್ಲಿ ಸಹಿ?”

“ಕ್ಷಮಿಸ್ಬೇಕು,” ಅಂದೆ. “ತೀರಿಕೊಂಡವರ ಸಹಿ ನಡೆಯಲ್ಲ.”

“ಮೊನ್ನೆ ನಮ್ಮನೇಲಿ ಮೀನಿನ ಕಡುಬು ಮುಕ್ಕಿದ್ಯಲ್ಲೋ! ಎದುರಿಗೇ ಕೂತಿದ್ದೀನಿ, ಕಾಣ್ಸಲ್ವಾ?”

“ಕೂತಿದ್ದೀರಿ, ಅದನ್ನ ನಾನೆಲ್ಲಿ ಇಲ್ಲ ಅಂದೆ? ಬದುಕಿದ್ದೀನಿ ಅಂತ ಒಂದು ಅರ್ಜಿ ಕೊಡಿ, ಇವತ್ತೇ ಬದುಕಿಸ್ತೀವಿ.”

ಪಾದ್ರಿ ಮೆಥೋದಿ ಕೆಮ್ಮಿದರು. “ಅರ್ಜಿ ಕೊಟ್ರೆ ಸುಳ್ಳು ಒಡೆಯತ್ತೆ, ಗಂಟೆ ಸೀಳತ್ತೆ. ಮುಂದೆ ನಿಮ್ಮಿಷ್ಟಪ್ಪ.”

ಎವ್ಸ್ತಾಫಿ ಲುಕಿಚ್ ಗಡ್ಡ ಕೆರೆದುಕೊಂಡರು. “ಮತ್ತೆ ಸಹಿ ಯಾರು ಹಾಕ್ಬೇಕು?”

“ವಾರಸುದಾರರು. ಅಂತ್ಯಕ್ರಿಯೆ ಆದ್ಮೇಲೆ.”

ಅಂತ್ಯಕ್ರಿಯೆ ಬಹಳ ಗೌರವದಿಂದ ನಡೆಯಿತು. ಮೃತರು ಪೆಟ್ಟಿಗೆಯಲ್ಲಿ ಮಲಗಲು ಒಪ್ಪಲಿಲ್ಲ. ಅವರ ಅಂಗಡಿಯ ಹಗ್ಗವನ್ನೇ ತುಂಬಿ ಮೊಳೆ ಹೊಡೆದರು; ಅದೂ ಕಳಪೆ ಹಗ್ಗ, ಒಳ್ಳೆಯದನ್ನು ಹೂಳಲು ಮೃತರಿಗೆ ಮನಸ್ಸು ಬರಲಿಲ್ಲ. ಪೆಟ್ಟಿಗೆಯ ಹಿಂದೆ ಅವರೂ ನಡೆದರು. ದಾರಿಯುದ್ದಕ್ಕೂ ಜನ ಅವರನ್ನು ಹೊಗಳಿದ್ದನ್ನು ಕೇಳಿ, “ಇವರಿಗೆಲ್ಲ ಇಷ್ಟು ದಿನ ಏನು ರೋಗ ಬಡಿದಿತ್ತು?” ಎಂದು ಹೆಂಡತಿಯ ಕಿವಿಯಲ್ಲಿ ಗೊಣಗಿದರು.

ಮಗ ನಿಕಾನೋರ್ ಸಹಿ ಹಾಕಿದ. ಗಂಟೆ ಬಾರಿಸಿತು. ಕಾಗೆಗಳೆಲ್ಲ ಒಟ್ಟಿಗೇ ಎದ್ದವು, ಆಚೆ ದಡದ ಬಾಬಾರಿಕಿನ್ನನ ಗಂಟೆ ಮುರುಕು ಪಾತ್ರೆಗೆ ಸೌಟು ಬಡಿದಂತೆ ಕೇಳಿಸಿತು. ಎವ್ಸ್ತಾಫಿ ಲುಕಿಚ್ ಮಗುವಿನ ಹಾಗೆ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಮಗನತ್ತ ಕೈ ಚಾಚಿದರು.

“ಸಾಕು, ಬಾರ್ಸಿದ್ದಾಯ್ತು. ಅಂಗಡಿ ಬೀಗದ ಕೈ ಕೊಡೋ.”

“ಯಾರಿಗೆ ಕೊಡ್ಲಿ?” ಅಂದ ನಿಕಾನೋರ್, ವಿನಯದಿಂದಲೇ. “ಅಪ್ಪ ಹೋಗ್ಬಿಟ್ರಲ್ಲ.”

ಎವ್ಸ್ತಾಫಿ ಲುಕಿಚ್ ನಮ್ಮತ್ತ ತಿರುಗಿದರು. ಪಾದ್ರಿಯವರಿಗೆ ಅಂತ್ಯಕ್ರಿಯೆಯ ಕಾಣಿಕೆ ಸಂದಿತ್ತು, ಪುರಸಭೆಯ ಸೋರುವ ಮಾಡಿಗೆ ನಿಕಾನೋರ್ ಆಗಲೇ ತಗಡು ಕಳಿಸಿದ್ದ. ಪಾದ್ರಿಯವರು ನಿಧಾನವಾಗಿ ವಿವರಿಸಿದರು: ಮೃತರು ಬದುಕಿದ್ದಾರೆಂದರೆ ಆದದ್ದು ಸುಳ್ಳು ಅಂತ್ಯಕ್ರಿಯೆ, ಅದರ ಬಲದ ಮೇಲೆ ಬಾರಿಸಿದ ಗಂಟೆ ಮೈಲಿಗೆ, ಇಳಿಸಿ ಕರಗಿಸಬೇಕು. “ಈಗ್ಲೂ ನಿಮ್ಮಿಷ್ಟಪ್ಪ,” ಅಂದರು.

ಎವ್ಸ್ತಾಫಿ ಲುಕಿಚ್ ಮಗನ ಸೊಂಟದಲ್ಲಿದ್ದ ಬೀಗದ ಕೈ ನೋಡಿದರು. ತಲೆಯೆತ್ತಿ ಗೋಪುರ ನೋಡಿದರು. ನನಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ.

“ಇನ್ನೊಂದ್ಸಲ ಬಾರ್ಸಿ,” ಅಂದರು ಮೆಲ್ಲಗೆ.

ಈಗ ಅವರು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ವಿಧವೆಯ ದೂರದ ನೆಂಟರೆಂಬ ನೆಲೆಯಲ್ಲಿ ವಾಸವಾಗಿದ್ದಾರೆ. ನದಿಯಾಚೆಯ ಬಾಬಾರಿಕಿನ್ ತಾನೂ ಸಾಯಲು ಅನುಮತಿ ಕೋರಿ ಅರ್ಜಿ ಹಾಕಿದ್ದಾನೆ, ಪರಿಶೀಲನೆಯಲ್ಲಿದೆ.

ಮೊನ್ನೆ ವರ್ಷದ ಪುಣ್ಯತಿಥಿಗೆ ನಾವೆಲ್ಲ ಹೋಗಿದ್ದೆವು. ಸತ್ತವರ ಹೆಸರಿನಲ್ಲಿ ಮಾಡುವ ಗೋದಿಯ ಸಿಹಿಯನ್ನು ಗ್ಲಿಕೇರಿಯಾ ಸಾವಿಷ್ನಾ ತಾವೇ ಬಡಿಸುತ್ತ ಬಂದು, ಮೇಜಿನ ತುದಿಯಲ್ಲಿ ಕೂತಿದ್ದ ಎವ್ಸ್ತಾಫಿ ಲುಕಿಚ್ ಅವರ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಹಾಕಿದರು.

“ತಿನ್ನಿ,” ಅಂದರು ತಲೆವಸ್ತ್ರದ ಅಂಚಿನಿಂದ ಕಣ್ಣೊತ್ತಿಕೊಂಡು. “ಅವರಿಗೆ ಇದಂದ್ರೆ ಪ್ರಾಣ.”

ಎವ್ಸ್ತಾಫಿ ಲುಕಿಚ್ ಒಂದು ಚಮಚ ಬಾಯಿಗಿಟ್ಟು ನೋಡಿದರು.

“ಜೇನು ಕಮ್ಮಿ ಆಯ್ತು,” ಅಂದರು. “ಅವರು ಇದ್ದಿದ್ರೆ ತಟ್ಟೆ ಎಸೆದುಬಿಡ್ತಿದ್ರು.”

ಹೌದು ಹೌದು, ಬಲು ಮುಂಗೋಪಿ ಮನುಷ್ಯ ಎಂದು ನಾವೆಲ್ಲರೂ ತಲೆಯಾಡಿಸಿದೆವು.