ಹೆಣ ಕಣ್ಣು ಬಿಟ್ಟದ್ದು ಯಾಕೆ

ಡ್ವೇನ್: ಹೆಣ ಇಲ್ಲದೆ ಅದೆಂಥ ಹ್ಯಾಲೋವೀನ್ ಪೆಗ್ಗಿ? ನೀನೇ ಹೇಳು.

ಪೆಗ್ಗಿ: ಹೆಣಕ್ಕೇನೂ ಬರ ಇಲ್ಲ ಮಾರಾಯ. ಏಳು ದಿನ, ಏಳು ಸಿನಿಮಾ, ಒಟ್ಟು ಐವತ್ತಮೂರು ಹೆಣ ಬೀಳ್ತವೆ. ಕೂತು ಎಣಿಸಿದೀನಿ. ನೀನೊಬ್ಬ ಕಮ್ಮಿಯಾದ್ರೆ ಯಾರಿಗೂ ಗೊತ್ತಾಗಲ್ಲ.

ಡ್ವೇನ್: ಅವೆಲ್ಲ ಹೊರಗಿನ ಹೆಣ. ನಾನು ಊರಿನ ಹೆಣ.

ಪೆಗ್ಗಿ: ಏಣಿ ಸರಿಯಾಗಿ ಹಿಡ್ಕೋ. ಇಲ್ಲಾಂದ್ರೆ ಊರಿಗೆ ಇನ್ನೊಂದು ಸಿಗುತ್ತೆ.

ಅಕ್ಟೋಬರ್ ಮೂರನೇ ವಾರದ ಒಂದು ಮಧ್ಯಾಹ್ನ. ಇಂಡಿಯಾನಾದ ನಮ್ಮ ಟ್ಯಾನರ್ಸ್ ಫೋರ್ಕ್‌ನಲ್ಲಿ ಇರುವುದು ಒಂದೇ ಥಿಯೇಟರು. ಅದರ ಒಡತಿ ಪೆಗ್ಗಿ ಏಣಿ ಹತ್ತಿ ನಿಂತು ಬಾಗಿಲ ಮೇಲಿನ ಬೋರ್ಡಿನಲ್ಲಿ ಒಂದೊಂದೇ ಪ್ಲಾಸ್ಟಿಕ್ ಅಕ್ಷರ ಸಿಕ್ಕಿಸುತ್ತಿದ್ದಳು. ಕೆಳಗೆ ಏಣಿ ಹಿಡಿದವನು ಡ್ವೇನ್, ಊರಿನ ನಲ್ಲಿ ರಿಪೇರಿಯವನು. ನಾನು ಎದುರಿನ ಕ್ಷೌರದಂಗಡಿಯವನು. ಗಿರಾಕಿ ಇಲ್ಲದಾಗ ಬಾಗಿಲಿಗೆ ಒರಗಿ ನಿಲ್ಲುವುದು ನನ್ನ ಹಕ್ಕು, ಕಿವಿಗೆ ಬಿದ್ದದ್ದಕ್ಕೆ ನಾನು ಹೊಣೆಯಲ್ಲ.

ನಲವತ್ತು ವರ್ಷದ ಹಿಂದೆ ಎಲ್ಲಿಂದಲೋ ಒಂದು ತಂಡ ಬಂದು ನಮ್ಮೂರ ಮುಸುಕಿನ ಜೋಳದ ಹೊಲದಲ್ಲಿ ‘ಏಳನೇ ಸಾಲಿನ ಕುಡುಗೋಲು’ ಎಂಬ ಭಯಾನಕ ಸಿನಿಮಾ ತೆಗೆಯಿತು. ಅದರಲ್ಲಿ ಡ್ವೇನ್ ಹೆಣ. ಹನ್ನೊಂದು ಸೆಕೆಂಡು ಮಲಗಿರುತ್ತಾನೆ. ಆರನೇ ಸೆಕೆಂಡಿಗೆ ಎಡಗಣ್ಣು ಬಿಟ್ಟು, ನೋಡಿ, ಮುಚ್ಚುತ್ತಾನೆ. ಮತ್ತೊಮ್ಮೆ ತೆಗೆಯೋಣವೆಂದರೆ ಆ ಬಡಪಾಯಿಗಳ ಹತ್ತಿರ ಫಿಲ್ಮ್ ಉಳಿದಿರಲಿಲ್ಲ. ಅಕ್ಟೋಬರ್ ಕಡೇ ದಿನ ಬರುವ ದೆವ್ವಗಳ ಹಬ್ಬ ಹ್ಯಾಲೋವೀನಿಗೆ ಪ್ರತಿ ವರ್ಷ ಈ ಸಿನಿಮಾ ಹಾಕಿದಾಗ, ಕಣ್ಣು ಬಿಟ್ಟ ಕ್ಷಣಕ್ಕೆ ಇಡೀ ಥಿಯೇಟರು ಒಂದೇ ಬಾಯಲ್ಲಿ ‘ಗುಡ್ ಮಾರ್ನಿಂಗ್ ಡ್ವೇನ್’ ಎನ್ನುತ್ತದೆ. ಡ್ವೇನ್ ಎದ್ದು ನಿಂತು ಎಲ್ಲರಿಗೂ ಕೈ ಬೀಸುತ್ತಾನೆ. ಈ ವರ್ಷ ಪೆಗ್ಗಿ ಕಡೇ ದಿನಕ್ಕೆ ಬೇರೆ ಸಿನಿಮಾದ ಹೆಸರು ಏರಿಸುತ್ತಿದ್ದಳು.

ಡ್ವೇನ್: ಆ ಹೊಸದ್ರಲ್ಲಿ ಏನಿದೆ ಅಂಥದ್ದು?

ಪೆಗ್ಗಿ: ಒಂದು ಗೊಂಬೆ. ಮಾತಿಲ್ಲ, ಕತೆಯಿಲ್ಲ, ಕುರ್ಚಿ ಮೇಲೆ ಸುಮ್ನೆ ಕೂತಿರುತ್ತೆ. ನೋಡಿದವರು ಮೂರು ದಿನ ದೀಪ ಹಾಕ್ಕೊಂಡು ಮಲಗಿದ್ರಂತೆ.

ಡ್ವೇನ್: ನಾನೂ ಸುಮ್ನೆ ಮಲಗಿರ್ತೀನಲ್ಲ.

ಪೆಗ್ಗಿ: ಅದು ಕಣ್ಣು ಮಿಟುಕಿಸಲ್ಲ.

ಡ್ವೇನ್: ಮಿಟುಕಿಸಿದ್ದು ಒಂದೇ ಸಲ.

ಪೆಗ್ಗಿ: ಹೆಣಕ್ಕೆ ಅಷ್ಟು ಸಾಕಪ್ಪ.

ಡ್ವೇನ್ ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದ. ಅವಳಿಗೆ ಇಳಿಯಲು ದಾರಿಯಾಗದಂತೆ ಅದರ ಬುಡದಲ್ಲೇ ನಿಂತ.

ಡ್ವೇನ್: ನಿಜ ಹೇಳು. ನಿನ್ನ ಕಿವಿ ಊದಿದ್ದು ಯಾರು? ಪಾದ್ರಿನಾ?

ಪೆಗ್ಗಿ: ಪಾದ್ರಿ ಮೊದಲನೇ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಿಂಗೆ ಗುಡ್ ಮಾರ್ನಿಂಗ್ ಹೇಳ್ತಾರೆ.

ಡ್ವೇನ್: ಹಾಗಾದ್ರೆ ಕರ್ಟ್. ಅವನೇ. ಅವನದೇ ಕೆಲಸ ಇದು.

ಕರ್ಟ್ ಎಂದರೆ ಸಿನಿಮಾದಲ್ಲಿ ಕುಡುಗೋಲು ಹಿಡಿದು ಬರುವ ಕೊಲೆಗಾರ. ಈಗ ನಮ್ಮೂರಿನ ಹಲ್ಲಿನ ಡಾಕ್ಟರು.

ಡ್ವೇನ್: ಸಿನಿಮಾ ನೋಡಿದ ಮಕ್ಕಳು ತನ್ನ ಮುಂದೆ ಬಾಯಿ ಬಿಡಲ್ಲ ಅಂತ ಅವನಿಗೆ ಸಂಕಟ.

ಪೆಗ್ಗಿ: ತಲೆ ಇದೆಯಾ ನಿಂಗೆ? ಆ ಸಿನಿಮಾ ನೋಡಿದ ಮಕ್ಕಳೇ ಬಾಯಿ ಬಿಡೋದು. ಬಿಡು ಅಂದ ತಕ್ಷಣ ಬಿಡ್ತವೆ. ಅವನು ಕ್ಲಿನಿಕ್ಕಲ್ಲಿ ಪೋಸ್ಟರ್ ಅಂಟಿಸಿದಾನೆ.

ಡ್ವೇನ್: ಮತ್ತೆ ಯಾರು?

ಪೆಗ್ಗಿ: ಯಾರೂ ಇಲ್ಲ. ಬಿಡು. ನಾನು ಅವಳಿಗೆ ಮಾತು ಕೊಟ್ಟಾಗಿದೆ.

ಡ್ವೇನ್: ಅವಳಿಗೆ?

ಪೆಗ್ಗಿ ತಕ್ಷಣ ಎರಡು ಅಕ್ಷರ ಬಾಯಲ್ಲಿ ಕಚ್ಚಿಕೊಂಡು ಬೋರ್ಡಿನ ಕಡೆ ತಿರುಗಿದಳು. ನಾನು ಅಂಗಡಿಯ ಕುರ್ಚಿಯನ್ನೇ ಹೊರಗೆ ತಂದು ಹಾಕಿಕೊಂಡೆ.

ಡ್ವೇನ್: ಯಾವ ಅವಳು? ಲೈಬ್ರರಿಯವಳಾ? ಅವಳಿಗೆ ಪೈಪು ಹಾಕಿಕೊಟ್ಟು ಎರಡು ವಾರ ಆಗಿಲ್ಲ. ನೋಡು ಪೆಗ್ಗಿ, ನಾನು ನನಗೋಸ್ಕರ ಕೇಳ್ತಿಲ್ಲ. ರೋಂಡಾಗೋಸ್ಕರ. ಸಿನಿಮಾದಲ್ಲಿ ನನ್ನ ರೋಂಡಾ ಹಳದಿ ಸ್ವೆಟರ್ ಹಾಕ್ಕೊಂಡು ಓಡಿ ಬಂದು ಚೀರ್ತಾಳಲ್ಲ, ಅವಳನ್ನ ನೋಡಿಯೇ ನಾನು...

ಪೆಗ್ಗಿ (ಬಾಯಿಂದ ಅಕ್ಷರ ತೆಗೆದು): ಕಣ್ಣು ಬಿಟ್ಟೆ. ಜೋಳದ ಸಾಲಿನ ಮಧ್ಯೆ, ಬೆನ್ನ ಹಿಂದೆ ಸೂರ್ಯ ಇಟ್ಕೊಂಡು ಅವಳು ಓಡಿ ಬಂದ್ಲು. ಆಗಲೇ ತೀರ್ಮಾನ ಮಾಡಿದೆ. ಸಂಜೆ ಹೋಗಿ ಮದುವೆ ಆಗ್ತೀಯಾ ಅಂತ ಕೇಳಿದೆ. ಗೊತ್ತು ಕಣಪ್ಪ. ನಿಮ್ಮ ಮದುವೇಲಿ ಹೇಳಿದೆ, ಇಪ್ಪತ್ತೈದನೇ ವರ್ಷಕ್ಕೆ ಹೇಳಿದೆ, ಹೋದ ತಿಂಗಳು ನನ್ನ ಅಡುಗೆಮನೆ ಸಿಂಕಿನ ಕೆಳಗೆ ಮಲಗಿಕೊಂಡೂ ಹೇಳಿದೆ.

ಡ್ವೇನ್: ಆ ಹೊತ್ತಿಗೆ ಪ್ರತಿ ವರ್ಷ ಅವಳು ಕತ್ತಲಲ್ಲಿ ನನ್ನ ಕೈ ಹಿಡ್ಕೋತಾಳೆ. ಉಗುರು ಊರೋ ಹಾಗೆ. ಮಿಕ್ಕ ದಿನ ಬೂಟು ಯಾಕೆ ಇಲ್ಲಿ ಬಿಟ್ಟೆ ಅಂತ ಜಗಳ. ಆದ್ರೆ ಆ ಒಂದು ದಿನ ನಾನು ಗಂಡ, ಅವಳು ಹೆಂಡ್ತಿ. ಅದನ್ನೂ ಕಿತ್ಕೋತೀಯಾ?

ಇದನ್ನು ಅವನು ತಮಾಷೆಗೆ ಹೇಳಲಿಲ್ಲ. ಪೆಗ್ಗಿಗೂ ಅದು ತಿಳಿಯಿತು, ಕೈಯಲ್ಲಿದ್ದ ಅಕ್ಷರ ಹಾಗೇ ನಿಂತಿತು. ಅಷ್ಟರಲ್ಲಿ ಎರಡು ಕೈಯಲ್ಲೂ ತಬ್ಬಿದರೂ ಸಾಲದಷ್ಟು ದೊಡ್ಡ ಕುಂಬಳಕಾಯಿಯನ್ನು ಹಬ್ಬಕ್ಕೆಂದು ಹೊತ್ತುಕೊಂಡು ರೋಂಡಾ ಮೂಲೆ ತಿರುಗಿ ಬಂದಳು. ಗಂಡ ಏಣಿಯ ಕೆಳಗೆ, ಗೆಳತಿ ಏಣಿಯ ಮೇಲೆ, ಇಬ್ಬರ ಮುಖವೂ ಸರಿಯಿಲ್ಲ. ಅವಳ ಹೆಜ್ಜೆ ನಿಧಾನವಾಯಿತು.

ಪೆಗ್ಗಿ: ರೋಂಡಾ, ನಾನೇನೂ ಬಾಯಿ ಬಿಟ್ಟಿಲ್ಲ ಕಣೇ.

ಡ್ವೇನ್: ಅವಳು ಬಿಡದೇ ಇದ್ರೇನು? ನನಗೆಲ್ಲ ಗೊತ್ತಾಯ್ತು ರೋಂಡಾ.

ರೋಂಡಾ: ಎಲ್ಲಾನಾ?

ಡ್ವೇನ್: ಎಲ್ಲಾ. ಬೋರ್ಡು ನೋಡಿದ್ರೆ ಕುರುಡನಿಗೂ ಗೊತ್ತಾಗುತ್ತೆ.

ರೋಂಡಾ: ನಾನೇ ಹೇಳ್ಬೇಕು ಅಂತಿದ್ದೆ ಡ್ವೇನ್. ದೇವರಾಣೆ. ಪ್ರತಿ ವರ್ಷ ಅಂದ್ಕೋತಿದ್ದೆ. ಶೆರಿಲ್ ವಿಷಯ ನಿಂಗೆ ಬೇರೆಯವರಿಂದ ಗೊತ್ತಾಗಬಾರದಿತ್ತು.

ಡ್ವೇನ್: ಶೆರಿಲ್ ವಿಷಯ ಏನು?

ಪೆಗ್ಗಿ: ಹೌದು, ಶೆರಿಲ್ ವಿಷಯ ಏನು?

ಶೆರಿಲ್ ಎಂದರೆ ರೋಂಡಾಳ ಚಿಕ್ಕಮ್ಮನ ಮಗಳು. ಇಪ್ಪತ್ತನೇ ವಯಸ್ಸಿಗೇ ಅರಿಜೋನಾಗೆ ಹೋದವಳು. ರೋಂಡಾ ಕುಂಬಳಕಾಯಿಯನ್ನು ಮೆಟ್ಟಿಲ ಮೇಲೆ ಇಳಿಸಿದಳು. ಬಾಯಿಂದ ಹೊರಟ ಮಾತನ್ನು ವಾಪಸು ಕರೆಯುವ ಕಾಲ ಮೀರಿತ್ತು.

ರೋಂಡಾ: ಪೆಗ್ಗಿ, ನಿನ್ನ ಹತ್ರ ನಾನು ಹೇಳಿದ್ದು ಸುಳ್ಳು.

ಪೆಗ್ಗಿ: ಯಾವುದು? ಜನ ನಿನ್ನ ಗಂಡನ್ನ ನೋಡಿ ನಗ್ತಾರೆ, ನಿನ್ನ ಹೊಟ್ಟೆ ಉರಿಯುತ್ತೆ, ಈ ವರ್ಷ ಆ ಸಿನಿಮಾ ಹಾಕಬೇಡ ಅಂದ್ಯಲ್ಲ, ಅದಾ?

ಡ್ವೇನ್: ನೀನಾ ಹೇಳಿದ್ದು? ನಗಲಿ ಬಿಡೇ. ನಕ್ಕರೆ ನನಗೇನು? ಬದುಕಿರೋರನ್ನ ನೋಡಿ ಯಾರು ನಗ್ತಾರೆ ಈ ಊರಲ್ಲಿ?

ರೋಂಡಾ: ಅದಕ್ಕಲ್ಲ. ಶೆರಿಲ್ ವಾಪಸ್ ಬರ್ತಿದಾಳೆ. ಹ್ಯಾಲೋವೀನ್ ದಿನ ನಮ್ಮ ಸಿನಿಮಾ ನೋಡಲೇಬೇಕಂತೆ. ‘ನನ್ನ ಬೆನ್ನು ನಾನು ನೋಡಿ ನಲವತ್ತು ವರ್ಷ ಆಯ್ತು’ ಅಂದ್ಲು ಫೋನಲ್ಲಿ.

ಡ್ವೇನ್: ಅವಳ ಬೆನ್ನು ಅದರಲ್ಲಿ ಎಲ್ಲಿದೆ?

ರೋಂಡಾ: ಹಳದಿ ಸ್ವೆಟರೊಳಗೆ.

ಡ್ವೇನ್ ಏಣಿಯಿಂದ ಕೈ ತೆಗೆದ. ಪೆಗ್ಗಿ ಬೋರ್ಡಿನ ಅಂಚು ಹಿಡಿದುಕೊಂಡಳು.

ರೋಂಡಾ: ಆ ದಿನ ನನಗೆ ಮೈ ಸುಡೋ ಜ್ವರ. ಏಳಕ್ಕೇ ಆಗ್ಲಿಲ್ಲ. ಸ್ವೆಟರು ಅವಳಿಗೆ ಹಾಕಿ ಕಳಿಸಿದೆ. ಕ್ಯಾಮೆರಾ ಹಿಂದಿರುತ್ತೆ, ಬೆನ್ನು ಯಾರದ್ದಾದ್ರೇನು ಅಂದ್ರು ಸಿನಿಮಾದವರು.

ಡ್ವೇನ್: ಮತ್ತೆ ಆ ಚೀರಾಟ?

ರೋಂಡಾ: ಅದು ಅವಳದ್ದೂ ಅಲ್ಲ. ಆಮೇಲೆ ಯಾರದ್ದೋ ಹಾಕಿದ್ದು.

ಡ್ವೇನ್: ನಂಗೆ ಯಾಕೆ ಹೇಳಲಿಲ್ಲ?

ರೋಂಡಾ: ಹೇಳಕ್ಕೆ ಬಿಟ್ಟೆಯಾ ನೀನು? ಸಂಜೆ ಬಂದೆ. ಕಿವಿಯೊಳಗೆ ಇನ್ನೂ ಆ ಸಿನಿಮಾ ರಕ್ತದ ಕೆಂಪು ಪಾಕ. ನಾನು ಮೂಗು ಸುರಿಸ್ಕೊಂಡು, ಕುತ್ತಿಗೆಗೆ ಟವೆಲ್ ಸುತ್ಕೊಂಡು ಕೂತಿದ್ದೆ. ಬಂದವನೇ ಮಂಡಿಯೂರಿ, ಬಿಸಿಲಲ್ಲಿ ನೀನು ಓಡಿ ಬಂದಾಗಲೇ ತೀರ್ಮಾನ ಮಾಡಿದೆ ಅಂದೆ. ಅಷ್ಟು ಚಂದದ ಮಾತು ನಂಗೆ ಅಲ್ಲಿವರೆಗೂ ಯಾರೂ ಹೇಳಿರಲಿಲ್ಲ. ಅದು ನಾನಲ್ಲ ಅಂತ ಹೇಗೆ ಹೇಳ್ಲಿ?

ನನಗೆ ಅವಳ ಮೇಲೆ ನಿಜವಾಗಿ ಕನಿಕರ ಬಂತು. ಪ್ರತಿ ವರ್ಷ ಕತ್ತಲಲ್ಲಿ ಗಂಡನ ಕೈಗೆ ಉಗುರು ಊರುತ್ತಿದ್ದದ್ದು ಪ್ರೀತಿಗೋ ಭಯಕ್ಕೋ, ಅವಳಿಗೂ ಹೇಳಲಾಗುತ್ತಿರಲಿಲ್ಲವೇನೋ.

ರೋಂಡಾ: ಈಗ ನೀನು ಹೇಳು. ಅವತ್ತು ನೀನು ಕೇಳಿದ್ದು ನನ್ನನ್ನಾ, ಶೆರಿಲನ್ನಾ?

ಪೆಗ್ಗಿ: ಡ್ವೇನ್, ಹೆಣದ ಪಾತ್ರ ಚೆನ್ನಾಗಿ ಮಾಡ್ತೀಯ. ಈಗ ಮಾಡು.

ಒಳ್ಳೆಯ ಸಲಹೆ. ಆದರೆ ಡ್ವೇನ್ ಹನ್ನೊಂದು ಸೆಕೆಂಡೂ ಸುಮ್ಮನಿರಲಾರದ ಮನುಷ್ಯ, ಅದಕ್ಕೆ ಸಿನಿಮಾವೇ ಸಾಕ್ಷಿ.

ಡ್ವೇನ್: ಇರುವೆ.

ರೋಂಡಾ: ಏನು?

ಡ್ವೇನ್: ಇರುವೆ, ರೋಂಡಾ. ಆ ರಕ್ತ ಅಂದ್ರೆ ಸಕ್ಕರೆ ಪಾಕ ತಾನೇ? ಬೆಳಗಿನ ಜಾವದಿಂದ ಅದನ್ನ ಬಳ್ಕೊಂಡು ಹೊಲದಲ್ಲಿ ಬಿದ್ದಿದ್ದೆ. ಇರುವೆ ಬಂದು ರೆಪ್ಪೆ ಕಚ್ತು. ಕಣ್ಣು ಬಿಟ್ಟೆ. ನಾನು ಯಾರನ್ನೂ ನೋಡಲಿಲ್ಲ. ಶೆರಿಲನ್ನೂ ನೋಡಲಿಲ್ಲ, ನಿನ್ನನ್ನೂ ನೋಡಲಿಲ್ಲ.

ರೋಂಡಾ: ಮತ್ತೆ ಸೂರ್ಯ?

ಡ್ವೇನ್: ಸೂರ್ಯ ಬೆಳಗಾದ್ರೆ ಇದ್ದೇ ಇರ್ತಾನೆ ಅಂತ ಸೇರಿಸಿದೆ.

ರೋಂಡಾ: ಜೋಳದ ಸಾಲಲ್ಲಿ ನಾನು ಓಡಿ ಬಂದಿದ್ದು?

ಡ್ವೇನ್: ಉಂಗುರ ತಗೊಂಡು ಹದಿನೈದು ದಿನ ಆಗಿತ್ತು. ಜೇಬಲ್ಲಿಟ್ಕೊಂಡು ತಿರುಗ್ತಿದ್ದೆ, ಕೇಳಕ್ಕೆ ಬಾಯಿ ಬರ್ತಿರಲಿಲ್ಲ. ಅವತ್ತು ನಿಮ್ಮನೆಗೆ ಬರ್ತಾ ಟ್ರಕ್ಕಲ್ಲಿ ಆ ಮಾತು ಜೋಡಿಸ್ಕೊಂಡೆ.

ರೋಂಡಾ: ನಲವತ್ತು ವರ್ಷ ಸುಳ್ಳು ಹೇಳಿದೆಯಾ ನಂಗೆ?

ಡ್ವೇನ್: ನೀನೂ ಹೇಳಿದೆಯಲ್ಲ?

ರೋಂಡಾ: ನಾನು ಹೇಳಲಿಲ್ಲ. ಸುಮ್ನಿದ್ದೆ. ಆ ಮಾತನ್ನ ಮಗಳ ಮದುವೇಲಿ ಮೈಕ್ ಹಿಡಿದು ಹೇಳಿದವನು ನೀನು. ಹೇಳ್ತಾ ಅತ್ತೆ ಬೇರೆ.

ಡ್ವೇನ್: ಅಷ್ಟು ಹೊತ್ತಿಗೆ ನಾನೂ ನಂಬಿಬಿಟ್ಟಿದ್ದೆ.

ಪೆಗ್ಗಿ: ಅಂದ್ರೆ ಏನಾಯ್ತು ಹಾಗಾದ್ರೆ? ನೋಡದೇ ಇದ್ದವನು ನೋಡಿದೆ ಅಂದ. ಅಲ್ಲಿ ಇಲ್ಲದೇ ಇದ್ದವಳು ಹೂಂ ಅಂದ್ಲು. ಮದುವೆ ಆಯ್ತು. ನಾನು ಪೆದ್ದಿ ಹಾಗೆ ಹಲ್ಲು ಬಿಟ್ಕೊಂಡು ಅದಕ್ಕೆ ಕೇಕು ಮಾಡ್ಕೊಂಡು ಬಂದಿದ್ದೆ.

ಡ್ವೇನ್ ನಕ್ಕ. ರೋಂಡಾಳ ಮುಖದಲ್ಲೂ ನಗುವಿನ ಎಳೆಯೊಂದು ಕಂಡಿತು. ಮುಗಿಯಿತು, ಇನ್ನು ಒಳಗೆ ಹೋಗಿ ಕತ್ತರಿ ಒರೆಸೋಣ ಎಂದು ನಾನು ಕುರ್ಚಿ ಎತ್ತಿದೆ. ಆಗ ರೋಂಡಾಳ ನಗು ನಿಂತಿತು.

ರೋಂಡಾ: ಡ್ವೇನ್, ಇರುವೆ ಕಚ್ಚಿದ್ರೆ ಕಣ್ಣು ಮುಚ್ಕೋತಾರೆ. ಬಿಡ್ತಾರಾ?

ಡ್ವೇನ್: ಅದು ಎಂಥ ಇರುವೆ ಅನ್ನೋದರ ಮೇಲಿದೆ.

ರೋಂಡಾ: ಇರುವೆ ಮಾತು ನಲವತ್ತು ವರ್ಷ ಬರಲಿಲ್ಲ. ಶೆರಿಲ್ ಹೆಸರು ಬಂದ ಮೇಲೆ ಬಂತು.

ಡ್ವೇನ್: ಕೇಳಿದ್ದಿದ್ರೆ ಹೇಳ್ತಿದ್ದೆ.

ರೋಂಡಾ: ಪೆಗ್ಗಿ, ನಿನ್ನ ಪರದೆ ಮೇಲೆ ಇವನ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತೆ?

ಪೆಗ್ಗಿ: ಎಡಗಣ್ಣಾ? ಒಂದು ಪಿಜ್ಜಾದಷ್ಟು.

ರೋಂಡಾ: ಗುಡ್ಡೆ ಯಾವ ಕಡೆ ತಿರುಗುತ್ತೆ ಅಂತ ಗೊತ್ತಾಗುತ್ತಾ? ಇರುವೆ ಕಡೆಗೋ, ಸ್ವೆಟರ್ ಕಡೆಗೋ?

ಪೆಗ್ಗಿ: ಚೆನ್ನಾಗಿ ಗೊತ್ತಾಗುತ್ತೆ. ಇಷ್ಟು ವರ್ಷ ಕೂಗೋ ಭರದಲ್ಲಿ ಯಾರೂ ನೋಡಿಲ್ಲ ಅಷ್ಟೆ.

ರೋಂಡಾ: ಆ ಗೊಂಬೆನ ಇಳಿಸು. ನಮ್ಮ ಸಿನಿಮಾ ಹಾಕು.

ಡ್ವೇನ್: ಬೇಡ ಪೆಗ್ಗಿ.

ಪೆಗ್ಗಿ: ಈಗ ತಾನೇ ಊರಿನ ಹೆಣ ಅಂದೆ?

ಡ್ವೇನ್: ಊರು ಅಂದ್ಮೇಲೆ ಹೊಸದು ಬರ್ತಿರಬೇಕು. ಎಷ್ಟು ವರ್ಷ ಅಂತ ಒಂದೇ ಹೆಣ ನೋಡ್ತಾರೆ ಜನ? ಗೊಂಬೆ ಒಳ್ಳೇದು ಅಂತ ನೀನೇ ಹೇಳಿದೆ. ಮಾತಿಲ್ಲ, ಕತೆಯಿಲ್ಲ. ಸಂಸಾರಸ್ಥರು ಕೂತು ನೋಡೋ ಸಿನಿಮಾ ಅಂದ್ರೆ ಅದು. ಕೊಡು, ಆ ಅಕ್ಷರ ಕೊಡು, ನಾನೇ ಹತ್ತಿ ಸಿಕ್ಕಿಸ್ತೀನಿ.

ಅವನು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೂ ಆಗಿತ್ತು. ಪೆಗ್ಗಿ ಮೇಲಿನಿಂದ ಒಂದೊಂದೇ ಅಕ್ಷರ ಕಿತ್ತು ಅವನ ಟೋಪಿಯ ಮೇಲೆ ಹಾಕುತ್ತಾ ಇಳಿದು ಬಂದು, ಟಿಕೆಟ್ ಕಿಟಕಿಯ ಹಿಂದೆ ಕುಳಿತಳು. ರೋಂಡಾ ಕಿಟಕಿಯ ಮುಂದೆ ನಿಂತಿದ್ದಳು.

ರೋಂಡಾ: ಹ್ಯಾಲೋವೀನ್ ದಿನಕ್ಕೆ ಮೂರು ಟಿಕೆಟ್ ಕೊಡು. ಮುಂದಿನ ಸಾಲು.

ಡ್ವೇನ್: ಮೂರು ಯಾಕೆ?

ರೋಂಡಾ: ಆ ಕಡೆ ಶೆರಿಲ್, ಈ ಕಡೆ ನಾನು. ನಡುವಿನ ಸೀಟು ನಿಂದು.